ಸತ್ತ ಮಗನನ್ನು ಉಡಿಯಲ್ಲಿಟ್ಟುಕೊಂಡ ತಾಯಿ

ಡುವಾಲ್

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಐದು ವರ್ಷದ ಹಿಂದಿನ ಮಾತು.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆದದ್ದು ಸೊಟ್ಟಗಿದ್ದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿರಿ. ಅಮೆರಿಕಕ್ಕೆ ಹೋಗಿ ಬಂದವರು ಎತ್ತರದ ಕಟ್ಟಡ, ಅಗಲವಾದ ರಸ್ತೆ ಎಂದು ಹೇಳುತ್ತಾರೆ. ಅವನ್ನು ನಾನೂ ಕಾರಿನ ಕಿಟಕಿಯಿಂದ ನೋಡಿದೆ, ಮರೆತೆ. ಮರೆಯದೆ ಉಳಿದದ್ದು ಒಂದು ಮೂರ್ತಿ. ನಮ್ಮ ದೇವರಲ್ಲ, ಕ್ರಿಸ್ತರ ದೇವರು.

ಹೋದದ್ದು ಸುಮಾಳ ಬಾಣಂತನಕ್ಕೆ. ಸುಮಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಅವಳಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಗುಳೇದಗುಡ್ಡದ ನಮ್ಮ ಮನೆಯಲ್ಲಿ, ನಾನು ಕುಪ್ಪಸದ ಖಣ ನೇಯುತ್ತಿದ್ದ ಮಗ್ಗದ ಪಕ್ಕದಲ್ಲಿ ಬೆಳೆದಳು. ಆಮೇಲೆ ಓದಿದಳು, ದಾವಣಗೆರೆ ಕಡೆಯ ವೀರೇಶನನ್ನು ಮದುವೆಯಾದಳು, ಇಬ್ಬರೂ ಸಿಯಾಟಲ್ ಹತ್ತಿರ ಕೆಲಸಕ್ಕೆ ಸೇರಿದರು. ಬಾಣಂತನಕ್ಕೆ ಅವ್ವ ಬೇಕು. ಅವ್ವ ಇಲ್ಲದಿದ್ದರೆ ದೊಡ್ಡವ್ವ. ಅದಕ್ಕೇ ನಾನು ವಿಮಾನ ಹತ್ತಿದೆ. ವಿಮಾನ ಇಳಿದಲ್ಲಿ ಚೀಲ ಬಿಚ್ಚಿಸಿ ಹಸಿ ತೆಂಗಿನಕಾಯಿ ತೆಗೆದಿಟ್ಟುಕೊಂಡರು, ಒಣಕೊಬ್ಬರಿ ಬಿಟ್ಟರು. ಕಾಯಿಯಲ್ಲಿ ನೀರಿದ್ದರೆ ಅವರಿಗೆ ಏನು ಹೆದರಿಕೆಯೋ.

ಸುಮಾಳ ಮನೆಯಿದ್ದ ಡುವಾಲ್ ಎಂಬುದು ಊರಲ್ಲ, ಹೊಲ. ಕಣಿವೆ, ಮಂಜು, ಒದ್ದೆ ಹುಲ್ಲಿನಲ್ಲಿ ನಿಂತ ದನ. ಮನೆಯಿಂದ ಮನೆಗೆ ಕೂಗು ಮುಟ್ಟುವುದಿಲ್ಲ. ಎದುರು ಮನೆಯವರು ದಿನವೂ ಕೈ ಎತ್ತುತ್ತಾರೆ, ಊಟ ಆಯಿತೇ ಎಂದು ಒಂದು ದಿನವೂ ಕೇಳುವುದಿಲ್ಲ. ಬೆಳಿಗ್ಗೆ ವೀರೇಶ ಫ್ಯಾಕ್ಟೋರಿಯಾ ಎಂಬಲ್ಲಿಯ ಆಫೀಸಿಗೆ ಹೋದರೆ ಮನೆಯಲ್ಲಿ ರಜೆ ಹಾಕಿದ್ದ ಸುಮಾ, ನಾನು, ಇಬ್ಬರೇ.

ಹೋದ ಮೂರನೇ ದಿನ ಬಾಣಂತಿಗೆ ಕೊಡುವ ಅಂಟಿನುಂಡಿಗೆ ತುಪ್ಪದಲ್ಲಿ ಅಂಟು ಹುರಿಯುತ್ತಿದ್ದೆ. ಛತ್ತಿಗೆ ಅಂಟಿಸಿದ ಒಂದು ಬಿಳಿ ಡಬ್ಬಿ ಕಿರುಚತೊಡಗಿತು. ಕಸಬರಿಗೆ ತೆಗೆದುಕೊಂಡು ಎರಡು ಬಾರಿಸಿದೆ.

“ದೊಡ್ಡವ್ವ, ಹೊಡಿಬ್ಯಾಡ! ಅದು ಹೊಗೀ ಕಂಡ್ರ ಒದರೂದು.” ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಹೊಗೀ ಕಂಡ್ರ ಒದರಿದ್ರ ಬಾಣಂತಿಗೆ ಲೋಬಾನದ ಹೊಗೀ ಹೆಂಗ ಹಾಕ್ಲಿ?”

“ವೀರೇಶ ಅದನ್ನ ತಗೀತಾನ ತಗೋ ಆವಾಗ.”

ಬಾಣಂತಿಗೆ ಏನೇನು ಬೇಕೋ ಎಲ್ಲ ಒಯ್ದಿದ್ದೆ. ಅಳವಿ, ಒಣಶುಂಠಿ, ಓಮ, ಹೊಟ್ಟೆಗೆ ಕಟ್ಟುವ ಹಳೆಯ ಸೀರೆ. ಕೂಸಿನ ತಲೆಗೆ ಕುಲಾಯಿ.

ಕ್ರಾಸ್‌ರೋಡ್ಸ್

ಕ್ರಾಸ್‌ರೋಡ್ಸ್ ಎಂಬ ಬಡಾವಣೆಯಲ್ಲಿ ನಮ್ಮವರು ಬಹಳ. ಮೆಟ್ಟಿಲು ಹತ್ತುವಾಗ ಒಂದು ಬಾಗಿಲಿಂದ ಸಾರಿನ ವಾಸನೆ, ಇನ್ನೊಂದರಿಂದ ಬೆಳ್ಳುಳ್ಳಿ ಒಗ್ಗರಣೆ. ಅಲ್ಲಿ ಸುಮಾಳ ಗೆಳತಿ ರೇಖಾಳ ಮನೆಯಲ್ಲಿ ಕುಬಸ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನ ಕೊಂಬು, ಮೇಲೆ ಒಂದು ಖಣ. ಖಣ ನಾನೇ ಒಯ್ದಿದ್ದೆ, ಕೆಂಪು ಅಂಚಿನ ಹಸಿರು.

ನಾನು ಅಡುಗೆಮನೆಯಲ್ಲಿ ಹೋಳಿಗೆ ಮಾಡುತ್ತ ನಿಂತಿದ್ದೆ. ಗಂಡ ಸತ್ತವಳು ಉಡಿ ತುಂಬುವ ಹಾಗಿಲ್ಲ, ಆ ಹೊತ್ತಿಗೆ ಎದುರಿಗೆ ನಿಲ್ಲುವ ಹಾಗೂ ಇಲ್ಲ. ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಮೂವತ್ತು ವರ್ಷದಿಂದ ಅಡುಗೆಮನೆಯಲ್ಲೇ ನಿಂತವಳು.

ರೇಖಾ ಒಳ್ಳೆಯ ಹುಡುಗಿ. “ದೊಡ್ಡಮ್ಮ, ನೀವೂ ಬನ್ನಿ, ಒಂದು ಹಿಡಿ ಹಾಕಿ. ನೀವೇ ತಾನೇ ಸಾಕಿದ್ದು?” ಎಂದು ಕೂಗಿದಳು.

ಇನ್ನೊಬ್ಬ ಗೆಳತಿಯ ಅತ್ತೆ, ಊರಿಂದ ಬಂದವಳು, ಮೆತ್ತಗೆ ಕೆಮ್ಮಿದಳು. “ಇರ್ಲಿ ಬಿಡಮ್ಮ. ಅವರ ಕೈ ಹಿಟ್ಟಾಗಿದೆ.”

“ಹೌದವಾ, ಕೈ ಹಿಟ್ಟಾಗೇತಿ” ಎಂದೆ. ಇಬ್ಬರಿಗೂ ಹಿಟ್ಟಿನ ಮಾತು ಅಲ್ಲ ಎಂದು ಗೊತ್ತಿತ್ತು.

ಮನೆಗೆ ಬಂದ ಮೇಲೆ ಸುಮಾ ತನ್ನ ಉಡಿಯ ಗಂಟನ್ನು ನನ್ನ ಕೈಗೆ ಕೊಟ್ಟಳು. “ಇದನ್ನ ನೀನ ಇಟ್ಕೋ. ನೀನ ತಂದ ಖಣ” ಎಂದಳು. ಆ ಗಂಟು ನನ್ನ ಕೈಚೀಲದಲ್ಲೇ ಉಳಿಯಿತು.

ಆಸ್ಪತ್ರೆ, ಮೊದಲ ಸಲ

ಆಸ್ಪತ್ರೆ ಹಳೆಯದು, ಕ್ರಿಸ್ತರ ಸನ್ಯಾಸಿನಿಯರು ಹಿಂದೆ ಯಾವಾಗಲೋ ಕಟ್ಟಿಸಿದ್ದಂತೆ. ಒಳಗೆ ಹೊಸ ಗಾಜು, ಹೊಸ ಯಂತ್ರ. ಆದರೆ ಗೋಡೆಗಳಲ್ಲಿ ಅವರ ದೇವರು ಹಾಗೇ ಇದ್ದಾನೆ. ಸುಮಾಳನ್ನು ತಪಾಸಣೆಗೆ ಕೂರಿಸಿದ ಕೋಣೆಯಲ್ಲೂ ಇದ್ದ. ಕಟ್ಟಿಗೆಯ ಶಿಲುಬೆ, ಅದಕ್ಕೆ ಮೊಳೆ ಹೊಡೆದ ಮೈ. ಪಕ್ಕೆಲುಬು ಒಂದೊಂದೂ ಕಾಣುತ್ತದೆ. ತಲೆ ಜೋತುಬಿದ್ದಿದೆ.

ನನಗೆ ಸಿಟ್ಟು ಬಂತು. ನಮ್ಮಲ್ಲಿ ಬಸುರಿಯ ಎದುರಿಗೆ ಬೆಣ್ಣೆ ತಿನ್ನುವ ಕೃಷ್ಣನ ಪಟ ತೂಗುಹಾಕುತ್ತಾರೆ. ಹೆಣ ಕಂಡರೆ ಬಸುರಿಯ ಮುಖ ತಿರುಗಿಸುತ್ತಾರೆ. ಇವರು ಬಸುರಿಯರು ಬರುವ ಕೋಣೆಯಲ್ಲೇ ಹೆಣ ನೇತುಹಾಕಿದ್ದಾರೆ. ಕುರ್ಚಿಯ ಮೇಲೆ ನಿಂತು ನನ್ನ ಶಾಲು ಅದಕ್ಕೆ ಹೊದಿಸಿದೆ.

ನರ್ಸು ಬಂದಳು. ಕಪ್ಪಗೆ, ಗಿಡ್ಡಗೆ, ನಮ್ಮ ಕಡೆಯ ಮುಖ. ಶಾಲು ನೋಡಿದಳು, ನನ್ನನ್ನು ನೋಡಿದಳು.

“ಯಾರವ್ವಾ ನಮ್ಮ ದೇವ್ರಿಗೆ ಚಳಿ ಆಗೈತಂತ ಶಾಲು ಹೊಚ್ಚಿದೋರು?”

ಕನ್ನಡ ಕೇಳಿ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಹೆಸರು ವಿಮಲಾ, ಬಳ್ಳಾರಿಯವಳು. ಮನೆ ಮಾತು ತೆಲುಗು, ಕ್ರಿಸ್ತರವಳು.

“ಬಸುರಿ ಕಣ್ಣಿಗೆ ಅದು ಬೀಳಬಾರದು” ಎಂದೆ.

“ಅವ್ವಾ, ಆಸ್ಪತ್ರ್ಯಾಗ ಕಣ್ಣಿಗೆ ಬೀಳಬಾರ್ದಂತ ಅಂದ್ರೆ ಎಷ್ಟಕ್ಕ ಶಾಲು ಹೊಚ್ಚತೀ?” ಎಂದು ನಕ್ಕಳು. ಆದರೆ ಸುಮಾ ಎದ್ದು ಹೋಗುವವರೆಗೂ ಶಾಲು ತೆಗೆಯಲಿಲ್ಲ. ಅದಕ್ಕೇ ನನಗೆ ಅವಳು ಹಿಡಿಸಿದಳು.

ಸುಮಾಳನ್ನು ಯಂತ್ರದ ಕೋಣೆಗೆ ಕರೆದುಕೊಂಡು ಹೋದ ಮೇಲೆ ನಾನು ಓಣಿಯಂಥ ಆ ದಾರಿಯಲ್ಲಿ ಅಡ್ಡಾಡಿದೆ. ಕೊನೆಯಲ್ಲಿ ಅವರ ದೇವರ ಕೋಣೆ. ಬಣ್ಣದ ಗಾಜಿನ ಕಿಟಕಿ, ಹೊರಗೆ ಮೋಡ ಕವಿದಿದ್ದರಿಂದ ಒಳಗೆ ಮಬ್ಬು. ನನಗೆ ಒಂದು ಕಣ್ಣಿಗೆ ಪೊರೆ, ಕನ್ನಡಕ ಕಾರಿನಲ್ಲಿ. ಮೂಲೆಯಲ್ಲಿ ಒಬ್ಬ ತಾಯಿ ಕುಳಿತಂತೆ ಕಂಡಿತು. ಆಳೆತ್ತರದ ಕಟ್ಟಿಗೆಯ ಮೂರ್ತಿ. ನೀಲಿ ಸೆರಗು, ಅಗಲವಾದ ಉಡಿ, ಉಡಿಯಲ್ಲಿ ಬೆಳ್ಳಗೆ ಕೂಸು. ಕ್ರಿಸ್ತರಲ್ಲಿ ಕೂಸನ್ನೆತ್ತಿದ ತಾಯಿ ಇದ್ದಾಳೆಂದು ನನಗೂ ಗೊತ್ತು. ಹುಬ್ಬಳ್ಳಿಯಲ್ಲಿ ಪಟ ನೋಡಿದ್ದೆ.

ಕೈಚೀಲದಲ್ಲಿ ಉಡಿಯ ಗಂಟು ಇತ್ತು. ಸುತ್ತ ನೋಡಿದೆ, ಯಾರೂ ಇಲ್ಲ. ಈ ಊರಿನಲ್ಲಿ ನಾನು ಗಂಡ ಸತ್ತವಳೆಂದು ಈ ತಾಯಿಗೆ ಯಾರು ಚಾಡಿ ಹೇಳುತ್ತಾರೆ? ಗಂಟು ಬಿಚ್ಚಿದೆ. ಬೊಗಸೆಯಲ್ಲಿ ಅಕ್ಕಿ ತೆಗೆದು ಅವಳ ಉಡಿಗೆ ಹಾಕಿದೆ. ಕೊಬ್ಬರಿ, ಅಡಿಕೆ, ಅರಿಶಿನ ಕೊಂಬು ಇಟ್ಟೆ. ಮೂವತ್ತು ವರ್ಷದ ಮೇಲೆ ಈ ಕೈ ಉಡಿ ತುಂಬಿತು. ಖಣ ಮಾತ್ರ ಕೊಡದೆ ಇಟ್ಟುಕೊಂಡೆ.

“ತಾಯಿ, ಸುಮಾನ ಕೂಸು ಸುಸೂತ್ರ ಕೈಗೆ ಬರ್ಲಿ. ಬಂದ ದಿನ ಖಣ ಏರಸ್ತೀನಿ” ಎಂದು ಬೇಡಿಕೊಂಡೆ.

ಆಸ್ಪತ್ರೆ, ಎರಡನೆಯ ಸಲ

ಒಂಬತ್ತು ತುಂಬಿತ್ತು. ಒಂದು ಮಧ್ಯಾಹ್ನ ಸುಮಾ ರೊಟ್ಟಿ ಅರ್ಧಕ್ಕೆ ಬಿಟ್ಟು, “ದೊಡ್ಡವ್ವ, ಮುಂಜಾನಿಂದ ಹೊರಳಿಲ್ಲ” ಎಂದಳು.

ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ವೀರೇಶನಿಗೆ ಫೋನು ಹೋಯಿತು.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸಿದಳು. ಆ ಕಡೆ ಆಡಿಸಿದಳು, ಈ ಕಡೆ ಆಡಿಸಿದಳು. ಮೊದಲ ಸಲ ಕುದುರೆ ಓಡಿದ ಹಾಗೆ ಸಪ್ಪಳ ಕೇಳಿತ್ತೆಂದು ಸುಮಾ ಹೇಳಿದ್ದಳು. ಈಗ ಏನೂ ಇಲ್ಲ. ವೀರೇಶ ಇಂಗ್ಲಿಷಿನಲ್ಲಿ ಏನೋ ಕೇಳಿದ, ಮತ್ತೆ ಕೇಳಿದ. ಆಮೇಲೆ ಗೋಡೆ ಹಿಡಿದುಕೊಂಡ. ನನಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಹೆರಿಗೆ ಮಾತ್ರ ತಪ್ಪುವುದಿಲ್ಲ. ಸತ್ತ ಕೂಸನ್ನೂ ಹೆರಲೇಬೇಕು, ಬೇನೆಯಲ್ಲಿ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಮರುದಿನ ಬೆಳಿಗ್ಗೆ ಕೂಸು ಬಂತು. ಹೆಣ್ಣು. ತುಂಬು ಕೂಸು, ತಲೆ ತುಂಬ ಕೂದಲು. ಅದು ಅಳಲಿಲ್ಲ, ನಾವೂ ಅಳಲಿಲ್ಲ. ಆ ಕೋಣೆಯಲ್ಲೂ ಶಿಲುಬೆ ಇತ್ತು. ಅವತ್ತು ಶಾಲು ಹೊದಿಸಲು ಹೋಗಲಿಲ್ಲ.

ವಿಮಲಾಳ ಪಾಳಿ ಇತ್ತು. ಕೂಸನ್ನು ತೊಳೆದು, ಟೊಪ್ಪಿಗೆ ಹಾಕಿ, ಬಟ್ಟೆ ಸುತ್ತಿ ತಂದಳು. ಇಲ್ಲಿಯ ಪದ್ಧತಿಯಂತೆ, ಸತ್ತ ಕೂಸನ್ನೂ ತಾಯಿಯ ಕೈಗೆ ಕೊಡುತ್ತಾರೆ. ಎಷ್ಟು ಹೊತ್ತಾದರೂ ಇಟ್ಟುಕೊಳ್ಳಬಹುದು. ಕೂಸು ಕೆಡದಂತೆ ತಣ್ಣನೆಯ ತೊಟ್ಟಿಲು ಬೇರೆ ಇದೆ.

ನಾನು ಬಾಗಿಲಲ್ಲೇ ತಡೆದೆ. “ತೋರಿಸಬ್ಯಾಡ. ನಮ್ಮಲ್ಲಿ ತೋರಿಸೂದಿಲ್ಲ.”

“ತಾಯಿನ ಕೇಳೋಣ ಅವ್ವಾ.”

“ಆಕಿಗೇನು ತಿಳೀತದ? ನೋಡಿದ್ರ ಎದ್ಯಾಗ ಕುಂದರ್ತದ. ಒಯ್ಯಿ.”

ವೀರೇಶ ನನ್ನ ಮುಖ ನೋಡಿದ, ವಿಮಲಾಳ ಮುಖ ನೋಡಿದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಗಾಗಿದ್ದವು. “ದೊಡ್ಡಮ್ಮ, ನಂಗೇನೂ ಗೊತ್ತಾಗ್ತಿಲ್ಲ. ನಾನ್ ನೋಡ್ದೆ. ಅವ್ಳು ನೋಡ್ಬೇಕಾ ಬೇಡ್ವಾ, ನೀವೇ ಡಿಸೈಡ್ ಮಾಡಿ.”

ಸುಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನೀರು ಬೇಡ, ಗಂಜಿ ಬೇಡ. ಅಂಟಿನುಂಡಿ ಒಡೆದು ಬಾಯಿಗೆ ಹಿಡಿದೆ, ಕೈ ತಳ್ಳಿದಳು.

“ಇದು ಬಾಣಂತ್ಯಾರು ತಿನ್ನೂದು. ನಾ ಏನ ಬಾಣಂತಿ? ನೀ ಊರಿಗೆ ಹೋಗ ದೊಡ್ಡವ್ವ. ಮಾಡೂ ಕೆಲಸ ಏನೂ ಉಳಿದಿಲ್ಲ ನಿನಗಿಲ್ಲಿ.”

ವಿಮಲಾ ಹೊರಗೆ ಬಂದು ಮೆತ್ತಗೆ ಹೇಳಿದಳು, “ಸಂಜಿಗೆ ಆಕಿನ ಮನಿಗೆ ಕಳಿಸ್ತಾರ. ಅಷ್ಟ್ರಾಗ ನೋಡ್ಲಿಲ್ಲ ಅಂದ್ರೆ ಮುಗೀತು ಅವ್ವಾ. ಆಮ್ಯಾಕೆ ಬೇಕಂದ್ರೆ ಸಿಗಾಂಗಿಲ್ಲ.”

ದೇವರ ಕೋಣೆ

ನಾನು ದೇವರ ಕೋಣೆಗೆ ಹೋದದ್ದು ಬೇಡಲಿಕ್ಕಲ್ಲ, ಬೈಯಲಿಕ್ಕೆ. ಅವತ್ತು ಬಿಸಿಲು ಬಿದ್ದಿತ್ತು, ಕಿಟಕಿಯ ಬಣ್ಣ ನೆಲದ ಮೇಲೆ ಚೆಲ್ಲಿತ್ತು. ಕನ್ನಡಕ ಮೂಗಿನ ಮೇಲಿತ್ತು. ಹತ್ತಿರ ಹೋದೆ.

ಉಡಿಯಲ್ಲಿ ಇದ್ದದ್ದು ಕೂಸಲ್ಲ. ಬೆಳೆದ ಗಂಡಸಿನ ಹೆಣ.

ಗಡ್ಡ ಬಂದ ಮಗ. ತಲೆ ಹಿಂದಕ್ಕೆ ಬಿದ್ದಿದೆ, ಬಾಯಿ ತುಸು ತೆರೆದಿದೆ. ಅಂಗೈಯಲ್ಲಿ ಮೊಳೆಯ ತೂತು. ಕಾಲು ಉಡಿಯಲ್ಲಿ ಹಿಡಿಸದೆ ಕೆಳಗೆ ಜೋತುಬಿದ್ದಿವೆ. ನಾನು ಹಾಕಿದ ಅಕ್ಕಿ ಅವನ ಎದೆಯ ಕುಳಿಯಲ್ಲಿ, ತೋಳಿನ ಮಡಿಕೆಯಲ್ಲಿ ಹಾಗೇ ಇತ್ತು. ಯಾರೂ ಗುಡಿಸಿರಲಿಲ್ಲ. ಅರಿಶಿನ ಕೊಂಬು ಕುತ್ತಿಗೆಯ ಹತ್ತಿರ ಉರುಳಿತ್ತು.

ಹೆಣದ ಮೇಲೆ ಉಡಿ ಅಕ್ಕಿ ಹಾಕಿ ಕೂಸು ಬೇಡಿದ್ದೆ. ನಮ್ಮೂರಿನಲ್ಲಿ ಯಾರಾದರೂ ಇದನ್ನು ಕಂಡಿದ್ದರೆ ಆ ಕ್ಷಣಕ್ಕೇ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ನಾನು ಸ್ವಲ್ಪ ಹೊತ್ತು ನಿಂತು ಯೋಚಿಸಿದೆ. ಒಂದು ಬೊಗಸೆ ಅಕ್ಕಿಗೆ ಕೂಸು ಸಾಯುವುದಾದರೆ ಲೋಕದಲ್ಲಿ ಒಂದು ಕೂಸೂ ಉಳಿಯುತ್ತಿರಲಿಲ್ಲ. ಅಷ್ಟು ದೊಡ್ಡ ಕೈ ನನ್ನದಲ್ಲ.

ವಿಮಲಾ ಹುಡುಕಿಕೊಂಡು ಬಂದಳು. ಅಕ್ಕಿ ನೋಡಿ, “ಇದು ನಿಂದೇನವ್ವಾ? ಗುಡಿಸಾಕ ಬಂದೋರಿಗೆ ನಾನೇ ಬಿಡ್ರಿ ಇರ್ಲಿ ಅಂದಿದ್ದೆ” ಎಂದಳು.

“ಈಕಿ ಗಂಡ ಎಲ್ಲಿ?”

“ಅಷ್ಟೊತ್ತಿಗೆ ತೀರಿಕೊಂಡಿದ್ದ ಅಂತಾರೆ.”

ಅಂದರೆ ಆಕೆಯೂ ಮುಂಡೆ. ಮುಂಡೆ ಮುಂಡೆಗೆ ಉಡಿ ತುಂಬಿದ್ದಳು, ಉಡಿಯಲ್ಲಿ ಹೆಣವಿರುವಾಗ. ನಮ್ಮಲ್ಲಿ ಇಂಥವಳನ್ನು ಯಾವ ಕಾರ್ಯಕ್ಕೂ ಕರೆಯುವುದಿಲ್ಲ, ಅಡುಗೆಮನೆಗೆ ತಳ್ಳುತ್ತಾರೆ. ಇವರು ಅವಳನ್ನು ದೇವರ ಕೋಣೆಯಲ್ಲಿ ಕೂರಿಸಿ ಮುಂದೆ ದೀಪ ಹಚ್ಚಿದ್ದಾರೆ. ಅವಳ ಬಲಗೈಯ ಒಂದು ಬೆರಳು ಮುರಿದಿತ್ತು. ಭಿನ್ನವಾದ ಮೂರ್ತಿಯನ್ನು ನಾವು ಹೊಳೆಗೆ ಬಿಡುತ್ತೇವೆ. ಇವರು ಅದನ್ನೂ ಇಟ್ಟುಕೊಂಡಿದ್ದಾರೆ.

“ಇಂಥಾದ್ದರ ಮುಂದ ಏನ ಬೇಡ್ತೀರಿ ನೀವು?”

“ಬೇಡಾಕ ಬರಾಂಗಿಲ್ಲ ಅವ್ವಾ ಈಕಿ ಹತ್ರ. ಸುಮ್ಕೆ ಕೂಡಾಕ ಬರ್ತೀವಿ.” ಮತ್ತೆ ಅಂದಳು, “ಮೂರನೇ ದಿನ ಮಗ ಎದ್ದ ಅಂತೈತೆ ನಮ್ದ್ರಾಗ.”

“ನಮ್ಮದು ಏಳೂದಿಲ್ಲ.”

ವಿಮಲಾ ಪಾಳಿಗೆ ಹೋದಳು. ನಾನು ಬೆಂಚಿನ ಮೇಲೆ ಕುಳಿತೆ.

ಮೂರನೇ ದಿನ ಎದ್ದ ಮಗನನ್ನು ಈ ಮೂರ್ತಿ ಮಾಡಿದವನು ಕೆತ್ತಲಿಲ್ಲ. ಅವನಿಗೂ ಆ ಮುಂದಿನ ಕತೆ ಗೊತ್ತಿತ್ತಲ್ಲ, ಆದರೂ ಇಲ್ಲಿಗೇ ಉಳಿ ನಿಲ್ಲಿಸಿದ್ದಾನೆ. ಈ ತಾಯಿಗೆ ಇನ್ನೂ ಮೂರನೇ ದಿನ ಬಂದಿಲ್ಲ. ಬರುತ್ತದೆಂದು ಅವಳ ಮುಖದಲ್ಲಿ ಎಲ್ಲೂ ಇಲ್ಲ. ಅವಳು ಅಳುತ್ತಲೂ ಇಲ್ಲ. ಮಗನ ಮುಖ ನೋಡುತ್ತಿದ್ದಾಳೆ. ಒಂದು ಕೈ ಅವನ ಹೆಗಲ ಕೆಳಗೆ ಕೊಟ್ಟಿದ್ದಾಳೆ, ಎಳೆಗೂಸಿನ ಕುತ್ತಿಗೆ ಬೀಳದಂತೆ ಕೊಡುವ ಹಾಗೆ. ಅಷ್ಟು ಅಗಲದ ಉಡಿ ಯಾವ ಹೆಣ್ಣಿಗೂ ಇರುವುದಿಲ್ಲ. ಮಗ ಹಿಡಿಸಲಿ ಎಂದು ಕೆತ್ತಿದವನು ಸೀರೆಯ ನೆರಿಗೆಯನ್ನು ಬೇಕೆಂದೇ ಹರವಿದ್ದಾನೆ.

ನನ್ನ ಚೊಚ್ಚಲ ಕೂಸೂ ಸತ್ತೇ ಹುಟ್ಟಿತ್ತು. ನನಗೆ ತೋರಿಸಲಿಲ್ಲ. ಗಂಡೋ ಹೆಣ್ಣೋ ಎಂಬುದನ್ನೂ ಆಮೇಲೆ ಯಾರದೋ ಬಾಯಿಂದ ಕೇಳಿದೆ. ನಮ್ಮ ಮಾವ ಹಳ್ಳದ ದಂಡೆಗೆ ಒಯ್ದು ಇಟ್ಟು ಬಂದರು. ಎಲ್ಲಿ ಎಂದು ಕೇಳಿದ್ದಕ್ಕೆ ಹಳ್ಳದ ದಂಡೆ ಅಂದರಷ್ಟೇ. ಆ ಹಳ್ಳ ಉದ್ದಕ್ಕೂ ಹರಿದಿದೆ. ಆಮೇಲೆ ಎರಡು ಹೆತ್ತೆ, ಅವು ಬೆಳೆದು ಮುದುಕರಾಗುತ್ತಿವೆ. ಆದರೆ ಮುಖವಿಲ್ಲದ ಆ ಒಂದು ಮಾತ್ರ ಇವತ್ತಿಗೂ ನನ್ನ ಹಿಂದೆ ತಿರುಗುತ್ತದೆ. ಯಾರದೇ ಎಳೆಗೂಸು ಕಂಡರೂ ಹೀಗಿತ್ತೇ ಎಂದು ನೋಡುತ್ತೇನೆ. ನೋಡಿದರೆ ಎದೆಯಲ್ಲಿ ಕೂರುತ್ತದೆ ಎಂದು ನಮ್ಮವ್ವ ಹೇಳಿದ್ದು. ನೋಡದಿದ್ದರೂ ಕೂರುತ್ತದೆ. ಇದನ್ನು ನಮ್ಮವ್ವ ಹೇಳಲಿಲ್ಲ.

ಎದ್ದು ಆ ತಾಯಿಯ ಎದುರಿಗೆ ನಿಂತೆ. ಕೈ ಮುಗಿಯಬೇಕೆನಿಸಿತು, ಮುಗಿದೆ.

“ನಿನಗಾದ್ರೂ ಕೊಟ್ರು” ಎಂದೆ. “ಮೊಳಿ ಕಿತ್ತು ಕೆಳಗ ಇಳಿಸಿ ನಿನ್ನ ಉಡಿಗೆ ಹಾಕಿದ್ರು. ನೋಡ್ಕೊಂತ ಕುಂತಿ. ನಾ ನಿನಗ ಹರಕಿ ಹೊತ್ತಿದ್ದೆ, ನೀ ಕೂಸು ಕೈಗೆ ಕೊಡ್ಲಿಲ್ಲ. ಖಣ ನಿನಗಿಲ್ಲ. ಅದಕ್ಕ ಬ್ಯಾರೆ ಕೆಲಸ ಐತಿ.”

ಅದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಬರುವುದಿಲ್ಲ.

ಸುಮಾಳ ಕೋಣೆ

ವಿಮಲಾಳ ಕೈಯಿಂದ ಕೂಸನ್ನು ಇಸಿದುಕೊಂಡೆ. ತಣ್ಣಗಿತ್ತು, ಭಾರವಿತ್ತು. ಹಾಸಿಗೆಯ ಹತ್ತಿರ ನಿಂತೆ.

“ಎದ್ದು ಕುಂದ್ರ.”

“ಬ್ಯಾಡ ದೊಡ್ಡವ್ವ.”

“ನಿನ್ನ ಮಗಳನ್ನ ತಂದೀನಿ. ನಾನು ನನ್ನದನ್ನ ನೋಡಿಲ್ಲ. ಐವತ್ತು ವರ್ಷಾತು, ಇನ್ನೂ ಹುಡುಕಾಕತ್ತೀನಿ. ನೀ ಹುಡುಕೂದು ಬ್ಯಾಡ. ಎದ್ದೇಳು.”

ಸುಮಾ ತಿರುಗಿದಳು. ನನ್ನ ಚೊಚ್ಚಲದ ಮಾತು ಅವಳಿಗೆ ಗೊತ್ತಿರಲಿಲ್ಲ. ವೀರೇಶ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ನಾನು ಖಣ ಬಿಚ್ಚಿ ಅವಳ ತೊಡೆಯ ಮೇಲೆ ಹಾಸಿ, ಅದರ ಮೇಲೆ ಕೂಸನ್ನಿಟ್ಟೆ. ಗಂಟಿನಲ್ಲಿ ಉಳಿದಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದು ಅವಳ ಉಡಿಗೆ ಹಾಕಿದೆ. ಗಂಡ ಸತ್ತ ಕೈ. ಸುಮಾ ಕೈ ನೋಡಿದಳು.

ಬಹಳ ಹೊತ್ತು ಕೂಸಿನ ಮುಖ ನೋಡಿದಳು. ಟೊಪ್ಪಿಗೆ ತೆಗೆದು ಕೂದಲು ನೋಡಿದಳು. ಉಗುರು ನೋಡಿದಳು.

“ಮೂಗು ಯಾರದು ದೊಡ್ಡವ್ವ?”

“ನಿಮ್ಮವ್ವಂದು. ಮುಂದ ಸ್ವಲ್ಪ ದಪ್ಪ.”

“ಕಿವಿ ಇವನದು” ಎಂದಳು. ವೀರೇಶ ಅಲ್ಲೇ ನೆಲದ ಮೇಲೆ ಕುಳಿತು ದನ ಒದರಿದ ಹಾಗೆ ಅತ್ತ. ಆಗ ಸುಮಾಳೂ ಅತ್ತಳು. ಗೋಡೆಯ ಮೇಲೆ ಅವರ ದೇವರು ತಲೆ ಜೋತುಬಿಟ್ಟುಕೊಂಡು ಇದ್ದ. ಇರಲಿ ಎಂದುಕೊಂಡೆ, ಈ ಕೋಣೆಯಲ್ಲಿ ಬೆಣ್ಣೆ ತಿನ್ನುವವನಿಗೆ ಏನು ಕೆಲಸ?

ಸಂಜೆ ಖಣದಲ್ಲೇ ಸುತ್ತಿ ವಿಮಲಾಳ ಕೈಗೆ ಕೊಟ್ಟೆವು. ಮಣ್ಣಿಗಿಡುವಾಗಲೂ ಅದು ಮೈಮೇಲೆ ಇರಲಿ ಎಂದೆ. ಎದೆಯಲ್ಲಿ ಹಾಲು ಇಳಿಯುತ್ತದೆ, ಅದು ಬತ್ತಲು ಎಲೆಕೋಸಿನ ಎಲೆ ಇಟ್ಟು ಕಟ್ಟಿರಿ, ಇಲ್ಲಿಯವರು ಹಾಗೆ ಮಾಡುತ್ತಾರೆ ಎಂದು ವಿಮಲಾ ಹೇಳಿದಳು. ನಮ್ಮಲ್ಲಿ ಮಲ್ಲಿಗೆ ಕಟ್ಟುತ್ತಾರೆ.

ಡುವಾಲ್, ಮರುದಿನ

ಬೆಳಿಗ್ಗೆ ಮಂಜು ಕಿಟಕಿಗೆ ಹತ್ತಿತ್ತು. ಮಲ್ಲಿಗೆ ಎಲ್ಲಿಂದ ತರಲಿ? ಫ್ರಿಜ್ಜಿನಲ್ಲಿದ್ದ ಎಲೆಕೋಸು ಬಿಡಿಸಿ ಎಲೆ ಒರೆಸಿಟ್ಟೆ. ದೊಡ್ಡ ಪಾತ್ರೆಗಳಲ್ಲಿ ನೀರು ಕಾಯಿಸಿದೆ. ಎಣ್ಣೆ ಬಿಸಿ ಮಾಡಿದೆ. ವೀರೇಶ ಯಾರೂ ಹೇಳದೆ ಕುರ್ಚಿಯ ಮೇಲೆ ಹತ್ತಿ ಛತ್ತಿನ ಆ ಬಿಳಿ ಡಬ್ಬಿಯನ್ನು ಬಿಚ್ಚಿದ, ಕೆಳಗಿಳಿದು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

ಸುಮಾಳನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಮೈತುಂಬ ಎಣ್ಣೆ ಹಚ್ಚಿ ತಿಕ್ಕಿದೆ. ಮೊದಲ ತಂಬಿಗೆ ನೀರು ಬೆನ್ನಿಗೆ ಹಾಕಿದೆ.

“ಸುಡ್ತದ ದೊಡ್ಡವ್ವ.”

“ಸುಡ್ಲಿ. ಬಾಣಂತಿಗೆ ಹಿಂಗ ಹಾಕೂದು” ಎಂದು ಎರಡನೆಯ ತಂಬಿಗೆ ತುಂಬಿದೆ.